ಬೆಟ್ಟಿಂಗ್ ಅಂಗಡಿಯ ಪಾಯಿಂಟ್ ಕಾರ್ಡಿನಿಂದ ನಿಜವಾಗಿ ಎಷ್ಟು ಸಿಗುತ್ತದೆ?

ಲೆಸ್ಟರ್ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಪ್ರತಿ ಶನಿವಾರ ಮನೆಯ ಹತ್ತಿರದ ಬೆಟ್ಟಿಂಗ್ ಅಂಗಡಿಗೆ ಹೋಗಿ, ವಾರಕ್ಕೆ 20 ಪೌಂಡ್ ಮೀರದಂತೆ ಫುಟ್‌ಬಾಲ್ ಪಂದ್ಯಗಳ ಮೇಲೆ, ಒಮ್ಮೊಮ್ಮೆ ಕುದುರೆ ರೇಸಿನ ಮೇಲೆ ದುಡ್ಡು ಕಟ್ಟುತ್ತೇನೆ. ಬ್ರಿಟನ್ನಿನಲ್ಲಿ 1961ರ ಮೇ ತಿಂಗಳಿನಿಂದ ಇಂಥ ಅಂಗಡಿಗಳಿಗೆ ಕಾನೂನಿನ ಮಾನ್ಯತೆ ಇರುವುದರಿಂದ ಇದರಲ್ಲಿ ಮುಚ್ಚುಮರೆಯೇನೂ ಇಲ್ಲ. ಮನೆಯವರಿಗೂ ಗೊತ್ತಿರುವ ಸಂಗತಿಯೇ. ಈಚೆಗೆ ಅಂಗಡಿಯವರು ನನಗೊಂದು ಕಾರ್ಡ್ ಕೊಟ್ಟಿದ್ದಾರೆ. ಕಟ್ಟಿದ ಪ್ರತಿ ಪೌಂಡಿಗೆ ಒಂದು ಪಾಯಿಂಟ್, ನೂರು ಪಾಯಿಂಟ್ ಸೇರಿದರೆ ಒಂದು ಪೌಂಡಿನ ಫ್ರೀ ಬೆಟ್. ಜೊತೆಗೆ, ವಾರದಲ್ಲಿ 20 ಪೌಂಡ್ ಕಟ್ಟಿದವರಿಗೆ 5 ಪೌಂಡಿನ ಫ್ರೀ ಬೆಟ್ ಕೊಡುವ ಕ್ಲಬ್ಬೊಂದಿದೆ, ಅದಕ್ಕೂ ಸೇರಬಹುದು ಎಂದಿದ್ದಾರೆ.

ಹೇಗಿದ್ದರೂ ಕಟ್ಟುವ ದುಡ್ಡಿಗೆ ಏನಾದರೂ ಹಿಂದೆ ಬರುವುದಾದರೆ ಬಿಡುವುದೇಕೆ ಎಂಬುದು ನನ್ನ ಯೋಚನೆ. ಪಾಯಿಂಟ್ ಬೇಗ ಸೇರಲೆಂದು ವಾರದ ಮೊತ್ತವನ್ನು 30 ಪೌಂಡಿಗೆ ಏರಿಸುವುದು ಲೇಸೇ? ಫ್ರೀ ಬೆಟ್ ಕೈಗೆ ಬಂದಾಗ ಅದನ್ನು ಎಂಥ ಬೆಟ್ಟಿಗೆ ಬಳಸಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಾಸನದ ಗಣಿತ

ಲೆಸ್ಟರ್ ವಾಸಿಯವರೇ, ಮೊದಲು ಅಂಗಡಿಯವರು ನಿಮ್ಮಿಂದ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನು ಲೆಕ್ಕ ಹಾಕೋಣ, ಆಮೇಲೆ ಕಾರ್ಡಿನ ವಿಚಾರಕ್ಕೆ ಬರೋಣ. ಒಂದು ಫುಟ್‌ಬಾಲ್ ಪಂದ್ಯದಲ್ಲಿ ಆತಿಥೇಯ ತಂಡದ ಗೆಲುವಿಗೆ 6/4 (ಅಂದರೆ 4 ಪೌಂಡ್ ಕಟ್ಟಿ ಗೆದ್ದರೆ 6 ಪೌಂಡ್ ಲಾಭ), ಡ್ರಾಗೆ 9/4, ಎದುರಾಳಿಯ ಗೆಲುವಿಗೆ 7/4 ಎಂದು ಬೆಲೆ ಹಾಕಿದ್ದಾರೆಂದು ಇಟ್ಟುಕೊಳ್ಳಿ. ಯಾವುದು ಗೆದ್ದರೂ ಅದಕ್ಕೆ ಕಟ್ಟಿದ್ದೂ ಸೇರಿ ಸರಿಯಾಗಿ ನೂರು ಪೌಂಡ್ ಕೈಗೆ ಬರಬೇಕೆಂದು ಮೂರಕ್ಕೂ ಕಟ್ಟುವುದಾದರೆ ಕ್ರಮವಾಗಿ 40 ಪೌಂಡ್, 30 ಪೌಂಡ್ 77 ಪೆನ್ಸ್, 36 ಪೌಂಡ್ 36 ಪೆನ್ಸ್ ಬೇಕಾಗುತ್ತದೆ. ಒಟ್ಟು 107 ಪೌಂಡ್ 13 ಪೆನ್ಸ್. ಹೆಚ್ಚಿಗೆ ಹೋದ ಆ 7 ಪೌಂಡ್ 13 ಪೆನ್ಸೇ ಅಂಗಡಿಯ ಪಾಲು. ನೀವು ಕಟ್ಟುವ ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ ನೂರು ಪೌಂಡಿಗೆ ಸುಮಾರು 6 ಪೌಂಡ್ 66 ಪೆನ್ಸ್ ಅವರಿಗೆ ಸೇರುತ್ತದೆ. ಒಂದು ವಾರ ಗೆಲ್ಲಬಹುದು, ಇನ್ನೊಂದು ವಾರ ಸೋಲಬಹುದು. ವರ್ಷಗಟ್ಟಲೆ ಆಡಿದಾಗ ಸರಾಸರಿ ಈ ಕಡೆಗೇ ವಾಲುತ್ತದೆ.

ವಾರಕ್ಕೆ 20 ಪೌಂಡ್ ಎಂದರೆ ವರ್ಷಕ್ಕೆ 1,040 ಪೌಂಡ್. ಇದರಲ್ಲಿ ಸರಾಸರಿ ನಷ್ಟ ಸುಮಾರು 69 ಪೌಂಡ್. ಕಾರ್ಡಿನಿಂದ ಬರುವುದು 10 ಪೌಂಡ್ 40 ಪೆನ್ಸ್, ಅದೂ ನಗದಲ್ಲ. ಈಗ ವಾರದ ಮೊತ್ತವನ್ನು 30 ಪೌಂಡಿಗೆ ಏರಿಸಿ ನೋಡಿ: ವರ್ಷಕ್ಕೆ 1,560 ಪೌಂಡ್, ಸರಾಸರಿ ನಷ್ಟ ಸುಮಾರು 104 ಪೌಂಡ್, ಕಾರ್ಡಿನಿಂದ 15 ಪೌಂಡ್ 60 ಪೆನ್ಸ್. ಅಂದರೆ 5 ಪೌಂಡ್ 20 ಪೆನ್ಸಿನ ಪಾಯಿಂಟ್ ಹೆಚ್ಚಿಗೆ ಪಡೆಯಲು ಸುಮಾರು 35 ಪೌಂಡ್ ಹೆಚ್ಚಿಗೆ ಕಳೆದುಕೊಂಡ ಹಾಗಾಯಿತು. ಸೂಪರ್‌ಮಾರ್ಕೆಟ್ಟಿನ ಕಾರ್ಡಿಗಾಗಿ ಎರಡು ಕಿಲೋ ಅಕ್ಕಿ ಹೆಚ್ಚು ಕೊಂಡರೆ ಆ ಅಕ್ಕಿಯಾದರೂ ಮನೆಯಲ್ಲಿ ಉಳಿಯುತ್ತದೆ. ಇಲ್ಲಿ ಉಳಿಯುವುದು ಏನೂ ಇಲ್ಲ. ಆದ್ದರಿಂದ ಮೊತ್ತ ಏರಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಕಾರ್ಡನ್ನು ಬಳಸಿ, ಆದರೆ ಕಾರ್ಡಿಗೋಸ್ಕರ ಒಂದು ಬೆಟ್ಟನ್ನೂ ಕಟ್ಟಬೇಡಿ.

ಕೌಂಟರ್ ಕಂಡವಳು

ನಾನು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಒಂದು ಬೆಟ್ಟಿಂಗ್ ಅಂಗಡಿಯ ಕೌಂಟರಿನಲ್ಲಿ ಅರೆಕಾಲಿಕ ಕೆಲಸ ಮಾಡಿದ್ದೇನೆ. ಗಣಿತದವರು ಹೇಳಿದ ಲೆಕ್ಕಕ್ಕೆ ನನ್ನ ಒಪ್ಪಿಗೆಯಿದೆ. ಅಂಗಡಿಯ ಒಳಗಿನ ಕ್ರಮ ಗೊತ್ತಿಲ್ಲದೆ ಜನ ಎಲ್ಲಿ ಕಳೆದುಕೊಳ್ಳುತ್ತಾರೆ ಎಂಬುದನ್ನು ಅದಕ್ಕೆ ಸೇರಿಸುತ್ತೇನೆ.

ಗ್ರಾಹಕರು ಗೋಡೆಗೆ ಹೊಂದಿಸಿದ ಹಲಗೆಯ ಮೇಲಿರುವ ಗಿಡ್ಡ ಪೆನ್ನಿನಿಂದ ಚೀಟಿ ಬರೆದು ತಂದು ಗಾಜಿನ ಕೆಳಗೆ ತಳ್ಳುತ್ತಾರೆ. ನಾವು ಆ ಚೀಟಿಯನ್ನು ಯಂತ್ರದಲ್ಲಿ ಹಾಯಿಸಿದ ಕೂಡಲೇ ಅದರ ಚಿತ್ರ ಮತ್ತು ಸಮಯ ದಾಖಲಾಗಿ ರಸೀದಿ ಹೊರಬರುತ್ತದೆ. ಕಾರ್ಡನ್ನು ಇದಕ್ಕೆ ಮೊದಲು ತೋರಿಸಬೇಕು. ರಸೀದಿ ಬಂದ ಮೇಲೆ ಕಾರ್ಡ್ ತೆಗೆದು ಪಾಯಿಂಟ್ ಹಾಕಿ ಎಂದು ಕೇಳುವವರು ದಿನವೂ ಇರುತ್ತಿದ್ದರು, ನಮ್ಮ ಅಂಗಡಿಯಲ್ಲಿ ಆಮೇಲೆ ಸೇರಿಸಲು ಬರುತ್ತಿರಲಿಲ್ಲ. ಇದು ಚಿಕ್ಕ ವಿಷಯ. ಇದಕ್ಕಿಂತ ಮುಖ್ಯವಾದದ್ದು ಚೀಟಿಯ ಮೇಲೆ ಬೆಲೆ ಬರೆಸುವುದು. ಕುದುರೆಯ ಹೆಸರು, ರೇಸಿನ ಸಮಯ, ಮೊತ್ತ ಇಷ್ಟನ್ನೇ ಬರೆದು ಕೊಟ್ಟರೆ ನಿಮ್ಮ ಬೆಟ್ಟು ರೇಸು ಶುರುವಾಗುವ ಹೊತ್ತಿನ ಬೆಲೆಗೆ, ಅಂದರೆ ಎಸ್‌ಪಿಗೆ, ಇತ್ಯರ್ಥವಾಗುತ್ತದೆ. ಪರದೆಯ ಮೇಲೆ ಕಾಣುವ ಬೆಲೆಯೇ ಬೇಕಿದ್ದರೆ ಅದನ್ನು ಚೀಟಿಯಲ್ಲಿ ಬರೆದು, ಕೌಂಟರಿನವರು ಒಪ್ಪಿ ದಾಖಲಿಸಿದ್ದಾರೆಯೇ ಎಂದು ರಸೀದಿಯಲ್ಲಿ ನೋಡಿಕೊಳ್ಳಬೇಕು.

ಇನ್ನು ಹಲವು ಅಂಗಡಿಗಳಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಕುದುರೆ ರೇಸುಗಳಿಗೆ ಬೆಸ್ಟ್ ಆಡ್ಸ್ ಗ್ಯಾರಂಟೀಡ್ ಎಂಬ ಸೌಲಭ್ಯವಿದೆ. ನೀವು 5/1 ಬೆಲೆ ಹಿಡಿದು 5 ಪೌಂಡ್ ಕಟ್ಟಿದ ಮೇಲೆ ಆ ಕುದುರೆಯ ಎಸ್‌ಪಿ 8/1 ಆಗಿ ಅದು ಗೆದ್ದರೆ, ಲಾಭ 25 ಪೌಂಡಿನ ಬದಲು 40 ಪೌಂಡ್ ಕೊಡುತ್ತಾರೆ. ಆ ಒಂದೇ ರೇಸಿನಲ್ಲಿ ಹೆಚ್ಚಿಗೆ ಬಂದ 15 ಪೌಂಡು ನಿಮ್ಮ ಕಾರ್ಡಿನ ಲೆಕ್ಕದಲ್ಲಿ 1,500 ಪಾಯಿಂಟಿಗೆ ಸಮ. ಕಾರ್ಡ್ ಇಲ್ಲದವರಿಗೂ ಇದು ಸಿಗಬಹುದು. ಯಾವ ಹೊತ್ತಿನಿಂದ, ಎಷ್ಟು ಮೊತ್ತದವರೆಗೆ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಅಂಗಡಿಯಲ್ಲಿ ತೂಗುಹಾಕಿದ ನಿಯಮಗಳಲ್ಲಿ ಓದಿಕೊಳ್ಳಿ.

ಲೆಸ್ಟರ್ ವಾಸಿ

ಇಬ್ಬರಿಗೂ ಧನ್ಯವಾದಗಳು. ಮೊತ್ತ ಏರಿಸುವ ವಿಚಾರ ಇಲ್ಲಿಗೆ ಮುಗಿಯಿತು. ಎಸ್‌ಪಿಯ ವಿಷಯ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಕ್ಲಬ್ಬಿನ ಬಗ್ಗೆ ನಿಮ್ಮ ಅಭಿಪ್ರಾಯವೇನು? ನಾನು ಹೇಗೂ 20 ಪೌಂಡ್ ಕಟ್ಟುವವನೇ. ಅಲ್ಲದೆ ಅದೇ ಕಾರ್ಡನ್ನು ಅಂಗಡಿಯ ಒಳಗಿರುವ ಗೇಮಿಂಗ್ ಮಷಿನ್‌ಗೂ ಹಾಕಬಹುದೆಂದೂ, ಅಲ್ಲಿ ಪಾಯಿಂಟ್ ಬಹಳ ಬೇಗ ಸೇರುತ್ತದೆಂದೂ ಪಕ್ಕದಲ್ಲಿ ನಿಂತವರೊಬ್ಬರು ಹೇಳಿದರು.

ಹಾಸನದ ಗಣಿತ

ಕ್ಲಬ್ಬಿನ ಲೆಕ್ಕ ಪಾಯಿಂಟಿನ ಲೆಕ್ಕಕ್ಕಿಂತ ಬೇರೆಯೇ ಆಗಿದೆ, ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಫ್ರೀ ಬೆಟ್ಟಿನಲ್ಲಿ ಗೆದ್ದರೆ ಸಾಮಾನ್ಯವಾಗಿ ಲಾಭವನ್ನಷ್ಟೇ ಕೊಡುತ್ತಾರೆ, ಕಟ್ಟಿದ 5 ಪೌಂಡ್ ಹಿಂದಿರುಗುವುದಿಲ್ಲ. ಹೀಗಾಗಿ 5 ಪೌಂಡಿನ ಫ್ರೀ ಬೆಟ್ಟು 5 ಪೌಂಡ್ ನಗದಿಗೆ ಎಂದೂ ಸಮವಲ್ಲ. ಅದನ್ನು ಸಮಸಮ ಬೆಲೆಯ, ಅಂದರೆ ಈವನ್ಸ್ ಇರುವ ತಂಡದ ಮೇಲೆ ಕಟ್ಟಿದರೆ, ಮೇಲೆ ಹೇಳಿದ ಅಂಗಡಿಯ ಪಾಲನ್ನು ಕಳೆದು ಅದರ ಸರಾಸರಿ ಮೌಲ್ಯ 2 ಪೌಂಡ್ 33 ಪೆನ್ಸ್. ಅದೇ 4/1 ಬೆಲೆಯ ಮೇಲೆ ಕಟ್ಟಿದರೆ 3 ಪೌಂಡ್ 73 ಪೆನ್ಸ್. ಬೆಲೆ ದೊಡ್ಡದಾದಷ್ಟೂ ಕಳೆದುಹೋಗುವ ಆ 5 ಪೌಂಡಿನ ಪಾತ್ರ ಕಡಿಮೆಯಾಗುವುದೇ ಇದಕ್ಕೆ ಕಾರಣ. ಹಾಗೆಂದು 50/1ರ ಕುದುರೆಯನ್ನು ಹುಡುಕಿಕೊಂಡು ಹೋಗಬೇಡಿ. ಗೆಲ್ಲುವ ಸಂಭವ ತೀರ ಕಡಿಮೆ ಇರುವ ಕುದುರೆಗಳ ಬೆಲೆಯಲ್ಲಿ ಅಂಗಡಿಯ ಪಾಲು ಫೇವರಿಟ್‌ಗಳಿಗಿಂತ ಹೆಚ್ಚಿರುತ್ತದೆ ಎಂಬುದು ರೇಸಿನ ಲೆಕ್ಕ ನೋಡಿದವರಿಗೆಲ್ಲ ಬಹುಕಾಲದಿಂದ ತಿಳಿದಿರುವ ಸಂಗತಿ. ನಾನಾದರೆ 3/1ರಿಂದ 6/1ರ ನಡುವಿನ ಬೆಲೆಯಲ್ಲಿ ಬಳಸುತ್ತೇನೆ.

ಈಗ ವಾರದ 20 ಪೌಂಡನ್ನು ಐದೈದು ಪೌಂಡಿನ ನಾಲ್ಕು ಬಿಡಿ ಬೆಟ್ಟುಗಳಾಗಿ ಕಟ್ಟಿದರೆ ಸರಾಸರಿ ನಷ್ಟ 1 ಪೌಂಡ್ 33 ಪೆನ್ಸ್, ಫ್ರೀ ಬೆಟ್ಟಿನಿಂದ ಬರುವುದು 3 ಪೌಂಡ್ 73 ಪೆನ್ಸ್. ಲೆಕ್ಕ ನಿಮ್ಮ ಕಡೆಗಿದೆ, ಸೇರುವುದರಲ್ಲಿ ಅರ್ಥವಿದೆ. ಆದರೆ ಇಂಥ ಕ್ಲಬ್ಬುಗಳ ಷರತ್ತಿನಲ್ಲಿ ಹಲವು ಸಲ ಅಕ್ಯುಮುಲೇಟರ್ (ಸೇರಿಸಿದ ಎಲ್ಲ ಪಂದ್ಯಗಳ ಊಹೆಯೂ ಸರಿಯಾದರಷ್ಟೇ ಗೆಲ್ಲುವ ಬೆಟ್ಟು) ಕಟ್ಟಿದರೆ ಮಾತ್ರ ಎಂದಿರುತ್ತದೆ. ನಾಲ್ಕು ಪಂದ್ಯಗಳನ್ನು ಒಂದೇ ಬೆಟ್ಟಿನಲ್ಲಿ ಸೇರಿಸಿದಾಗ ಅಂಗಡಿಯ ಪಾಲೂ ನಾಲ್ಕು ಸಲ ಗುಣಿಸಿಕೊಳ್ಳುತ್ತದೆ: ಶೇ. 6.66 ಇದ್ದದ್ದು ಶೇ. 24 ದಾಟುತ್ತದೆ. ಆಗ 20 ಪೌಂಡಿನಲ್ಲಿ ಸರಾಸರಿ 4 ಪೌಂಡ್ 82 ಪೆನ್ಸ್ ಹೋಗಿ, ಫ್ರೀ ಬೆಟ್ಟನ್ನು ಸೇರಿಸಿದ ಮೇಲೂ ವಾರಕ್ಕೆ ಒಂದು ಪೌಂಡಿಗೂ ಮೀರಿ ನಷ್ಟವೇ ಉಳಿಯುತ್ತದೆ. ಅದೇ 20 ಪೌಂಡ್, ಅದೇ 5 ಪೌಂಡಿನ ಕೊಡುಗೆ, ಷರತ್ತಿನ ಒಂದು ಸಾಲು ಮಾತ್ರ ಬೇರೆ. ಆ ಸಾಲನ್ನು ಓದಿದ ಮೇಲೆ ಇಲ್ಲಿ ಬರೆಯಿರಿ.

ಕೌಂಟರ್ ಕಂಡವಳು

ಮಷಿನ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಕೌಂಟರಿನ ಹಿಂದೆ ನಿಂತು ನನಗೆ ತುಂಬಾ ಸಂಕಟವಾದದ್ದು ಅದನ್ನು ನೋಡಿಯೇ. ಒಂದು ಅಂಗಡಿಯಲ್ಲಿ ಹೆಚ್ಚೆಂದರೆ ಇಂಥ ನಾಲ್ಕು ಮಷಿನ್‌ಗಳಿಗೆ ಅನುಮತಿಯಿದೆ. ಮೊದಲು ರೂಲೆಟ್‌ನಂಥ ಆಟಗಳಲ್ಲಿ ಒಂದು ಸುತ್ತಿಗೆ 100 ಪೌಂಡ್‌ವರೆಗೆ ಹಾಕಬಹುದಿತ್ತು. 2019ರ ಏಪ್ರಿಲ್ 1ರಿಂದ ಅದನ್ನು 2 ಪೌಂಡಿಗೆ ಇಳಿಸಿದರು. ಇಳಿಸಿದ್ದು ಬಹಳ ಒಳ್ಳೆಯದಾಯಿತು. ಆದರೂ ಸ್ಲಾಟ್ ಆಟದ ಒಂದು ಸುತ್ತು ಎರಡೂವರೆ ಸೆಕೆಂಡಿನಲ್ಲಿ ಮುಗಿಯಬಲ್ಲದು.

ನಿಧಾನವಾಗಿಯೇ ಆಡಿ, ಆರು ಸೆಕೆಂಡಿಗೆ ಒಂದು ಸುತ್ತು, ಸುತ್ತಿಗೆ ಒಂದೇ ಪೌಂಡ್ ಎಂದುಕೊಳ್ಳಿ. ಗಂಟೆಗೆ 600 ಪೌಂಡಿನ ವಹಿವಾಟು ಆಗುತ್ತದೆ. ಮಷಿನ್ ಮೇಲೆ ಆಟಗಾರನಿಗೆ ಹಿಂದಿರುಗುವ ಪಾಲು ಶೇ. 90 ಎಂದು ತೋರಿಸುತ್ತಿದ್ದರೆ ಸರಾಸರಿ ನಷ್ಟ ಗಂಟೆಗೆ 60 ಪೌಂಡ್, ನಿಮ್ಮ ಕಾರ್ಡಿನ ದರದಲ್ಲಿ ಸಿಗುವುದು 600 ಪಾಯಿಂಟ್, ಅಂದರೆ 6 ಪೌಂಡ್. ಪಾಯಿಂಟ್ ಬೇಗ ಸೇರುತ್ತದೆ ಎಂದು ನಿಮಗೆ ಹೇಳಿದವರ ಮಾತು ಸುಳ್ಳಲ್ಲ; ದುಡ್ಡು ಅಷ್ಟು ಬೇಗ ಹೋಗುತ್ತಿರುವುದರಿಂದಲೇ ಪಾಯಿಂಟೂ ಬೇಗ ಬರುತ್ತದೆ. ನೀವು ಶನಿವಾರದ ಫುಟ್‌ಬಾಲ್ ಆಡುವವರು, ಆ ಕಡೆ ಹೋಗಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಬೆಟ್ಟಿಗೆ ಕೊಡುವ ಕೊಡುಗೆಯನ್ನು ಪಡೆಯಲು ಸ್ಲಾಟ್ ಕೂಡ ಆಡಬೇಕು ಎಂಬಂಥ ಜಂಟಿ ಷರತ್ತುಗಳನ್ನು ಬ್ರಿಟನ್ನಿನಲ್ಲಿ ಜೂಜನ್ನು ನಿಯಂತ್ರಿಸುವ ಗ್ಯಾಂಬ್ಲಿಂಗ್ ಕಮಿಷನ್ 2026ರ ಜನವರಿ 19ರಿಂದ ನಿಷೇಧಿಸಿದೆ. ಬೋನಸ್ ಮೊತ್ತದ ಹತ್ತು ಪಟ್ಟಿಗಿಂತ ಹೆಚ್ಚು ದುಡ್ಡು ಕಟ್ಟಿ ಆಡಬೇಕೆಂಬ ಷರತ್ತನ್ನೂ ಈಗ ಹಾಕುವಂತಿಲ್ಲ. ಅದಲ್ಲದೆ, ಗ್ರಾಹಕ ಹೆಚ್ಚು ಖರ್ಚು ಮಾಡಿದಂತೆ ಕೊಡುಗೆ ಏರುವುದಾದರೆ, ಅದು ಖರ್ಚು ಏರಿದ ಪ್ರಮಾಣಕ್ಕಿಂತ ವೇಗವಾಗಿ ಏರಕೂಡದು ಎಂಬುದೂ ಕಮಿಷನ್ನಿನ ನಿಯಮದಲ್ಲಿದೆ. ಹೆಚ್ಚು ಕಟ್ಟಿದರೆ ಹೆಚ್ಚು ದರ ಸಿಗಬಹುದು ಎಂಬ ಆಸೆಗೆ ಅಲ್ಲಿ ಜಾಗವೇ ಇಲ್ಲ.

ರೇಸ್ ಕೋರ್ಸ್ ರಸ್ತೆ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ಮೊದಲು ಕೆಲವು ವರ್ಷ ಲಂಡನ್ನಿನಲ್ಲಿದ್ದೆ. ಚರ್ಚೆ ಪಾಯಿಂಟಿನ ಸುತ್ತಲೇ ನಡೆಯುತ್ತಿದೆ, ಆದರೆ ಕಾರ್ಡು ನಿಮ್ಮಿಂದ ಬಯಸುವುದು ಒಂದೇ ಅಂಗಡಿಗೆ ಹೋಗುವ ಅಭ್ಯಾಸವನ್ನು. ಅದರ ಬೆಲೆ ಎಷ್ಟೆಂದು ಯಾರೂ ಕೇಳಲಿಲ್ಲ.

ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ಹಲವು ಕಡೆ ವಿಲಿಯಂ ಹಿಲ್, ಲ್ಯಾಡ್‌ಬ್ರೋಕ್ಸ್, ಕೋರಲ್, ಬೆಟ್‌ಫ್ರೆಡ್ ಇವುಗಳಲ್ಲಿ ಎರಡು ಮೂರು ಅಂಗಡಿಗಳಾದರೂ ನಡೆದು ಹೋಗುವಷ್ಟು ಹತ್ತಿರದಲ್ಲಿರುತ್ತವೆ. ಒಂದು ಅಂಗಡಿಯಲ್ಲಿ 5/1 ಇರುವ ಕುದುರೆಗೆ ಇನ್ನೊಂದರಲ್ಲಿ 11/2 ಸಿಗುವುದು ಅಪರೂಪವೇನಲ್ಲ. 5 ಪೌಂಡಿನ ಬೆಟ್ಟಿಗೆ ಗೆದ್ದಾಗ ಎರಡೂವರೆ ಪೌಂಡ್ ಹೆಚ್ಚು. ಆ ಕುದುರೆ ಗೆಲ್ಲುವ ಸಂಭವ ನೂರಕ್ಕೆ ಹದಿನೈದು ಎಂದು ಹಿಡಿದರೂ ಸರಾಸರಿಯಲ್ಲಿ ಸುಮಾರು 37 ಪೆನ್ಸ್, ಅಂದರೆ ಕಟ್ಟಿದ ದುಡ್ಡಿನ ಶೇ. 7.5. ಕಾರ್ಡು ಕೊಡುವುದು ಶೇ. 1. ಪಾಯಿಂಟ್ ತಪ್ಪಿಹೋಗುತ್ತದೆಂದು ನಾಲ್ಕು ಹೆಜ್ಜೆ ಆಚೆಯ ಒಳ್ಳೆಯ ಬೆಲೆಯನ್ನು ಬಿಡುವವನು ಪಾಯಿಂಟಿನ ಏಳೆಂಟು ಪಟ್ಟು ಕಳೆದುಕೊಳ್ಳುತ್ತಾನೆ. ಎಲ್ಲ ಅಂಗಡಿಯ ಕಾರ್ಡನ್ನೂ ಇಟ್ಟುಕೊಳ್ಳಿ, ಯಾವ ಕಾರ್ಡಿಗೂ ಕಟ್ಟುಬೀಳಬೇಡಿ ಎಂಬುದು ನನ್ನ ಸಲಹೆ.

ದೊಡ್ಡ ರೇಸುಗಳ ದಿನ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಹದಿನಾರು ಅಥವಾ ಅದಕ್ಕಿಂತ ಹೆಚ್ಚು ಕುದುರೆಗಳ ಹ್ಯಾಂಡಿಕ್ಯಾಪ್ ರೇಸಿನಲ್ಲಿ (ಒಳ್ಳೆಯ ಕುದುರೆಗೆ ಹೆಚ್ಚು ಭಾರ ಹೊರಿಸಿ ಸಮಗೊಳಿಸುವ ರೇಸು) ಈಚ್ ವೇ, ಅಂದರೆ ಅರ್ಧ ಗೆಲುವಿಗೂ ಅರ್ಧ ಮೊದಲ ಕೆಲವು ಸ್ಥಾನಗಳಿಗೂ ಕಟ್ಟಿದವರಿಗೆ ಮೊದಲ ನಾಲ್ಕು ಸ್ಥಾನಗಳಿಗೆ ಕಾಲು ಭಾಗದ ಬೆಲೆ ಕೊಡುವುದು ವಾಡಿಕೆ. ಏಂಟ್ರಿಯ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 2024ರಿಂದ ಕುದುರೆಗಳ ಮಿತಿ ನಲವತ್ತರಿಂದ ಮೂವತ್ನಾಲ್ಕಕ್ಕೆ ಇಳಿದಿದೆ. ಆ ದಿನ ಅಂಗಡಿಗಳು ಪೈಪೋಟಿಯಿಂದ ಐದು, ಆರು ಸ್ಥಾನಗಳವರೆಗೂ ಕೊಡುತ್ತವೆ. ಯಾವ ಅಂಗಡಿ ಎಷ್ಟು ಸ್ಥಾನ ಕೊಡುತ್ತಿದೆ ಎಂದು ನೋಡಿ ಕಟ್ಟುವುದರಲ್ಲಿ ಇರುವ ಅನುಕೂಲ ವರ್ಷವಿಡೀ ಪಾಯಿಂಟ್ ಕೂಡಿಸಿದರೂ ಬಾರದು.

ನಿಮ್ಮಲ್ಲಿ ಶೇ. 1ರ ಬಗ್ಗೆ ಇಷ್ಟು ಚರ್ಚೆ ನಡೆಯುತ್ತಿರುವುದನ್ನು ಓದುವಾಗ ನಮ್ಮ ಇಲ್ಲಿಯ ಸ್ಥಿತಿ ನೆನಪಾಗುತ್ತದೆ. ಅಲ್ಲಿ ಗ್ರಾಹಕರ ಮೇಲೆ ಶೇ. 9ರಂತೆ ಬೀಳುತ್ತಿದ್ದ ಬೆಟ್ಟಿಂಗ್ ತೆರಿಗೆಯ ಹೊರೆ 2001ರ ಅಕ್ಟೋಬರಿನಲ್ಲಿ ಹೋಯಿತು, ಗೆದ್ದ ದುಡ್ಡಿಗೂ ತೆರಿಗೆಯಿಲ್ಲ. ಇಲ್ಲಿ ಕುದುರೆ ರೇಸು ಕೌಶಲದ ಆಟವೆಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದರೂ 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ. 28ರಷ್ಟಿದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ಆದ್ದರಿಂದ ಊರಿಗೆ ಬಂದಾಗ ಅಲ್ಲಿಯ ಲೆಕ್ಕವನ್ನೇ ಇಲ್ಲಿಯೂ ಹಾಕಿ ಕೂರಬೇಡಿ. ಫೋನಿನಲ್ಲಿರುವ ಅಲ್ಲಿಯ ಖಾತೆಯನ್ನು ಇಲ್ಲಿ ತೆರೆಯಲೂ ಹೋಗಬೇಡಿ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನೇ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಮ್ಯಾಂಚೆಸ್ಟರ್ ಅಕ್ಕ

ಎಲ್ಲರ ಲೆಕ್ಕವನ್ನೂ ಓದಿದೆ. ಲೆಸ್ಟರ್ ಅವರೇ, ನೀವು 20 ಪೌಂಡಿಗೆ ನಿಲ್ಲುವವರು ಎಂಬುದರ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ನನ್ನ ತಮ್ಮನೂ ಹಾಗೇ ಶುರು ಮಾಡಿದ. ಅವನ ಕಾರ್ಡು ಅಂಗಡಿಯ ಖಾತೆಯನ್ನೂ ಆನ್‌ಲೈನ್ ಖಾತೆಯನ್ನೂ ಒಂದು ಮಾಡುವಂಥದ್ದು. ಶನಿವಾರ ಸೋತು ಮನೆಗೆ ಬಂದ ಮೇಲೆ, ಭಾನುವಾರ ಬೆಳಿಗ್ಗೆ ಅವನ ಫೋನಿಗೆ ಫ್ರೀ ಬೆಟ್ಟಿನ ಸಂದೇಶ ಬಂದಿರುತ್ತಿತ್ತು. ಅದನ್ನು ಬಳಸಲು ಒಳಹೋದವನು ತನ್ನ ದುಡ್ಡನ್ನೂ ಹಾಕಿಯೇ ಹೊರಬರುತ್ತಿದ್ದ. ಮನೆಯವರಿಗೆ ತಿಳಿಯುವ ಹೊತ್ತಿಗೆ ಉಳಿತಾಯ ಬರಿದಾಗಿತ್ತು. ಕಾರ್ಡಿನ ಲಾಭದ ಬಗ್ಗೆ ಮಾತಾಡುವಾಗ ಅದರ ಈ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಅಂಗಡಿಗಳಿಂದ ತಾನಾಗಿ ದೂರವಿರಲು ಮೋಸೆಸ್ ಎಂಬ ವ್ಯವಸ್ಥೆಯಿದೆ, ಆನ್‌ಲೈನಿಗೆ ಗ್ಯಾಮ್‌ಸ್ಟಾಪ್ ಇದೆ. ಒಂದಕ್ಕೆ ಹೆಸರು ಕೊಟ್ಟರೆ ಇನ್ನೊಂದು ತಾನಾಗಿ ಆಗುವುದಿಲ್ಲ, ಎರಡಕ್ಕೂ ಬೇರೆಬೇರೆಯಾಗಿ ಕೊಡಬೇಕು. ಅವನಿಗೆ ಮೊದಲು ನೆರವಾದದ್ದು 0808 8020 133 ಎಂಬ ರಾಷ್ಟ್ರೀಯ ಸಹಾಯವಾಣಿ, ಹಗಲಿರುಳೂ ಇರುತ್ತದೆ, ಕರೆಗೆ ದುಡ್ಡಿಲ್ಲ.

ಕೌಂಟರ್ ಕಂಡವಳು

ಅಕ್ಕ, ನೀವು ಹೇಳಿದ್ದನ್ನು ನಾನು ಕೌಂಟರಿನ ಆಚೆ ಬದಿಯಿಂದ ನೋಡಿದ್ದೇನೆ. ನಿಮ್ಮ ತಮ್ಮ ಈಗ ಅದರಿಂದ ದೂರವಿದ್ದಾರೆಂದು ನಂಬುತ್ತೇನೆ.

ಕಾರ್ಡ್ ಇಲ್ಲದೆ ನಗದಿನಲ್ಲಿ ಕಟ್ಟುವವರನ್ನು ಅಂಗಡಿ ಮುಖದಿಂದಷ್ಟೇ ಗುರುತಿಸುತ್ತದೆ. ಕಾರ್ಡ್ ಬಂದ ಮೇಲೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವುದರ ಮೇಲೆ, ಸೋತ ಮೇಲೆ ಎಷ್ಟು ಎಂಬುದೆಲ್ಲ ಒಂದು ಹೆಸರಿನಡಿ ಸೇರುತ್ತದೆ. ಬಹುಮಾನದ ನಿಜವಾದ ವಿನಿಮಯ ಇದೇ. ಇದರ ವಿರುದ್ಧ ಗ್ರಾಹಕರಿಗೆ ಕೆಲವು ಹಕ್ಕುಗಳಿವೆ. 2025ರ ಮೇ 1ರಿಂದ ಪ್ರಚಾರದ ಸಂದೇಶಗಳಿಗೆ ಆನ್‌ಲೈನ್ ಗ್ರಾಹಕರು ಬೆಟ್ಟಿಂಗ್, ಕ್ಯಾಸಿನೊ ಎಂದು ವಿಭಾಗವಾರು, ಇಮೇಲ್, ಎಸ್‌ಎಂಎಸ್ ಎಂದು ಮಾರ್ಗವಾರು ಪ್ರತ್ಯೇಕವಾಗಿ ಒಪ್ಪಿಗೆ ಕೊಟ್ಟಿರಬೇಕು; ಎಲ್ಲವನ್ನೂ ಬೇಡವೆಂದು ಗುರುತು ಹಾಕಿದರೂ ಕಾರ್ಡನ್ನು ಬಳಸುತ್ತಿರಬಹುದೇ ಎಂದು ಕೌಂಟರಿನಲ್ಲಿ ಕೇಳಿ. ನಿಮ್ಮ ಬಗ್ಗೆ ಅವರಲ್ಲಿರುವ ಮಾಹಿತಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಶುಲ್ಕವಿಲ್ಲದೆ ಕೊಡಬೇಕು. ಹಾಗೆ ತರಿಸಿದ ಪ್ರತಿಯಲ್ಲಿ ವರ್ಷದ ಒಟ್ಟು ಕಟ್ಟಿದ್ದು, ಒಟ್ಟು ಹಿಂದೆ ಬಂದದ್ದು ಎರಡೂ ಕಾಣುತ್ತವೆ, ನನ್ನ ಪ್ರಕಾರ ಕಾರ್ಡಿನ ಅತಿ ದೊಡ್ಡ ಉಪಯೋಗ ಅದೇ. ನಗದಿನಲ್ಲಿ ಆಡುವವರು ಗೆದ್ದದ್ದನ್ನು ನೆನಪಿಟ್ಟುಕೊಂಡು ಸೋತದ್ದನ್ನು ಮರೆಯುತ್ತಾರೆ.

ನಿಮ್ಮನ್ನು ವಿಶೇಷ ಕೊಡುಗೆಗಳ ವಿಐಪಿ ಗ್ರಾಹಕರನ್ನಾಗಿ ಮಾಡುತ್ತೇವೆಂದು ಯಾರಾದರೂ ಕರೆ ಮಾಡಿದರೆ ಬೇಡವೆನ್ನಿ. 2020ರ ಅಕ್ಟೋಬರ್ 31ರಿಂದ, ಯಾರನ್ನಾದರೂ ವಿಐಪಿ ಮಾಡುವ ಮೊದಲು ಆ ಖರ್ಚು ಅವರ ಶಕ್ತಿಗೆ ನಿಲುಕುತ್ತದೆಯೇ ಎಂದು ಪರಿಶೀಲಿಸಲೇಬೇಕೆಂಬ ನಿಯಮ ಬಂದದ್ದು ಸುಮ್ಮನೆ ಅಲ್ಲ.

ಲೆಸ್ಟರ್ ವಾಸಿ

ಅಕ್ಕ, ನಿಮ್ಮ ಮನೆಯ ವಿಷಯವನ್ನು ಇಲ್ಲಿ ಹಂಚಿಕೊಂಡದ್ದಕ್ಕೆ ಋಣಿಯಾಗಿದ್ದೇನೆ. ಇಂದು ಅಂಗಡಿಗೆ ಹೋಗಿ ಷರತ್ತುಗಳನ್ನು ಓದಿ ಬಂದೆ. ಕ್ಲಬ್ಬಿನ 20 ಪೌಂಡನ್ನು ಬಿಡಿ ಬೆಟ್ಟುಗಳಾಗಿ ಕಟ್ಟಬಹುದು, ಆದರೆ ಪ್ರತಿಯೊಂದರ ಬೆಲೆ ಈವನ್ಸ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಫ್ರೀ ಬೆಟ್ಟು ಬಂದ ಏಳು ದಿನಗಳೊಳಗೆ ಬಳಸದಿದ್ದರೆ ರದ್ದಾಗುತ್ತದೆ. ಫುಟ್‌ಬಾಲಿಗೆ ಕ್ಲಬ್ಬನ್ನು ಬಳಸಿ, ಕುದುರೆಗೆ ಬೆಲೆ ನೋಡಿ ಅಂಗಡಿ ಆರಿಸಿಕೊಳ್ಳುತ್ತೇನೆ. ಆನ್‌ಲೈನ್ ಖಾತೆಗೆ ಕಾರ್ಡನ್ನು ಜೋಡಿಸುವುದಿಲ್ಲ, ಸಂದೇಶಗಳನ್ನೂ ನಿಲ್ಲಿಸಿ ಬಂದಿದ್ದೇನೆ. ಮುಂದಿನ ತಿಂಗಳು ಊರಿಗೆ ಬರುವವನಿದ್ದೇನೆ. ಆ ಮೂರು ವಾರ ಕ್ಲಬ್ಬಿನ ಗತಿಯೇನು? ಸ್ನೇಹಿತರೊಬ್ಬರ ಕೈಯಲ್ಲಿ ಕಾರ್ಡ್ ಕೊಟ್ಟು ಹೋಗಬಹುದೇ?

ಕೌಂಟರ್ ಕಂಡವಳು

ಕೊಡಬೇಡಿ. ಕಾರ್ಡು ನಿಮ್ಮ ಹೆಸರಿನದು, ಬೇರೆಯವರು ಬಳಸಿದ್ದು ತಿಳಿದರೆ ಪಾಯಿಂಟನ್ನೂ ಫ್ರೀ ಬೆಟ್ಟನ್ನೂ ರದ್ದು ಮಾಡುವ ಅಧಿಕಾರವನ್ನು ಅಂಗಡಿಯವರು ಸಾಮಾನ್ಯವಾಗಿ ಷರತ್ತಿನಲ್ಲೇ ಇಟ್ಟುಕೊಂಡಿರುತ್ತಾರೆ. ಕ್ಲಬ್ಬಿನ ಲೆಕ್ಕ ವಾರವಾರಕ್ಕೆ ಮುಗಿಯುವಂಥದ್ದು. ನೀವಿಲ್ಲದ ವಾರಗಳಲ್ಲಿ ಕಟ್ಟುವುದೂ ಇಲ್ಲ, ಬರುವುದೂ ಇಲ್ಲ, ಅಷ್ಟೇ. ಹೊರಡುವ ಹಿಂದಿನ ಶನಿವಾರ ಕೈಯಲ್ಲಿರುವ ಫ್ರೀ ಬೆಟ್ಟನ್ನು ಬಳಸಿ ಮುಗಿಸಿ, ಇತ್ಯರ್ಥವಾಗದ ಬೆಟ್ಟಿನ ರಸೀದಿ ಇದ್ದರೆ ಅದರ ಎರಡು ಬದಿಯ ಫೋಟೊ ತೆಗೆದಿಟ್ಟುಕೊಂಡು ಮೂಲ ರಸೀದಿಯನ್ನು ಮನೆಯಲ್ಲೇ ಭದ್ರವಾಗಿಟ್ಟು ಬನ್ನಿ. ತಿರುಗಿ ಹೋದ ಮೇಲೆ ಯಾವುದಾದರೂ ಬೆಟ್ಟಿನ ಬಗ್ಗೆ ತಕರಾರು ಬಂದರೆ ಮೊದಲು ಅಂಗಡಿಯವರಿಗೆ ಬರೆದು ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಬೆಟ್ಟಿಂಗ್ ತಕರಾರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯಾದ ಐಬಾಸ್‌ಗೆ ಕಳುಹಿಸಬಹುದು, ಅವರು ಮೊದಲು ಕೇಳುವುದು ಆ ರಸೀದಿಯನ್ನೇ.